ಬುರ್ಸನ ಬಾಕಿ

"ಸೂರಿಗ್ ಹೋದವ್ರ್ ಬರ್ಲೇ ಇಲ್ಲ" ಅನ್ನುತ್ತಿದ್ದಳು ಅಮ್ಮಮ್ಮ,
ಬಂಗುಡೆಯ ಕಿವಿರು ಕಿತ್ತು ಬೂದಿಗೆ ಎಸೆಯುತ್ತ.
ಆರು ವರ್ಷದ ನಾನು ಅಂಗಳಕ್ಕಿಳಿದು
ಸೂರು ನೋಡುತ್ತಿದ್ದೆ:
ಹರಕು ಬಲೆ, ಎರಡು ಹುಟ್ಟು, ಕಣಜದ ಗೂಡು.
ಅಷ್ಟು ಸಣ್ಣ ಜಾಗದಲ್ಲಿ ಅವಳ ಮಾವ
ಹೇಗೆ ಕಳೆದುಹೋದ?

ಈಗ ನಲವತ್ತೊಂದರಲ್ಲಿ, ಓಮಾನಿನಲ್ಲಿ,
ಮೀನು ಕಂಪನಿಯೊಂದರ ಲೆಕ್ಕ ಬರೆಯುತ್ತೇನೆ.
ಬಂದಿಳಿದ ದಿನ ಬಸ್ ನಿಲ್ದಾಣದ ಫಲಕ ಓದಿ
ಚೀಲ ಕೆಳಗಿಟ್ಟು ನಿಂತುಬಿಟ್ಟೆ.
ಸೂರ್.
ಮಾಡಿನ ಅಂಚಲ್ಲ, ಊರು.

ಆಮೇಲೆ ಎಷ್ಟೋ ಶುಕ್ರವಾರಗಳು.
ಬಂದರು ಕಚೇರಿಯವರು ಹಳೆಯದೆಲ್ಲ
ಚಂಡಮಾರುತದ ಪಾಲಾಯಿತೆಂದರು.
ಮಸೀದಿಯ ಪಕ್ಕದ ಮುದುಕ ಹೆಸರು ಕೇಳಿದ.
ಪುರ್ಸ, ಅಂದೆ. ಗಂಗೊಳ್ಳಿಯ ಪುರ್ಸ ಮೊಗವೀರ.
ಅವನು ನಕ್ಕ: ನಿಮ್ಮ "ಪ" ನಮ್ಮ ಬಾಯಿಗೆ ಬಾರದು ಮಗಳೇ,
ಕಡಲು ದಾಟುವಾಗ ಮುಳುಗಿಹೋಗುತ್ತದೆ.
"ಬ" ದಲ್ಲಿ ಹುಡುಕು.

ಹಮೂದನ ಅಜ್ಜ ನಾಖುದಾ. ಅವನ ಲೆಕ್ಕದ ಪುಸ್ತಕ
ಬಿಸ್ಕತ್ತಿನ ತಗಡು ಡಬ್ಬದಲ್ಲಿತ್ತು,
ಹುಳು ತಿಂದು ಉಳಿದಷ್ಟು.
ಪುಟಕ್ಕೆಲ್ಲ ಮೀನೆಣ್ಣೆಯ ನಾತ, ನನಗೆ ಹಸಿವಾಯಿತು.
ಹಮೂದ ಬಲದಿಂದ ಎಡಕ್ಕೆ ಓದಿದ,
ನಾನು ಎಡದಿಂದ ಬಲಕ್ಕೆ ಬರೆದುಕೊಂಡೆ.
ಬುರ್ಸ. ಹಿಂದಿ. ಹಲಗೆಯ ಸಂದಿಗೆ ಹತ್ತಿ ತುರುಕುವವನು.
ಬಿನ್, ಎಂದು ಬರೆದು ಮುಂದೆ ಖಾಲಿ.

ತಂದೆ ಯಾರೆಂದು ಕೇಳಿದ್ದಾರೆ.
ಏನು ಹೇಳಿಯಾನು? ನಮ್ಮ ಅಳಿಯಕಟ್ಟಿನಲ್ಲಿ
ಮನೆ ತಾಯಿಯದು, ಬಳಿ ತಾಯಿಯದು,
ಅಪ್ಪನೆಂದರೆ ಬೆಳಗಾಗುವ ಮೊದಲು
ದೋಣಿಗೆ ಹೋಗಿಬಿಡುವವನು.
ದುಗ್ಗಿಯ ಮಗ, ಎಂದಿರಬೇಕು.
ಲೇಖನಿ ಅಲ್ಲೇ ಒಣಗಿರಬೇಕು.

ಮುಂಗಡ, ಹತ್ತು ಕಿರ್ಶ್.
ಅಕ್ಕಿ, ಅರ್ಧ ಮೂಟೆ.
ಸೀರೆ ಒಂದು, ಹಸಿರು, ಊರಿಗೆ ಕಳಿಸಲು.
(ಅಮ್ಮಮ್ಮ ಎಂದೂ ಹಸಿರು ಸೀರೆಯ ಮಾತಾಡಿದವಳಲ್ಲ.)
ಎರಡು ವರ್ಷದ ಮೇಲೆ, ಬೆಳ್ಳಿ ಬಳೆ ಒಂದು ಜೊತೆ.
ಎಲ್ಲಿಗೆ ಕಳಿಸಲು ಎಂದು ಬರೆದಿಲ್ಲ.
ಮಳೆಯಿಲ್ಲದ ಆ ಊರಿನ ಇನ್ನೊಂದು ಬೇಸಿಗೆಯಲ್ಲಿ
ತೊಟ್ಟಿಲಿಗೆ ಹಗ್ಗ, ನಾಲ್ಕು ಮೊಳ.

ಅವನು ಸತ್ತದ್ದನ್ನು ಯಾರೂ ಬರೆದಿಲ್ಲ.
ಒಂದು ಪುಟದಲ್ಲಿ ಬುರ್ಸ,
ತಿರುವಿದರೆ ಖಮೀಸ್ ಬಿನ್ ಬುರ್ಸ, ಅದೇ ಬಾಕಿ,
ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಜುಮಾ ಬಿನ್ ಖಮೀಸ್,
ಅದೇ ಬಾಕಿ, ಎದುರಿಗೊಂದು ಪ್ರಶ್ನೆಯ ಗುರುತು.
ಜಮೀನಿದ್ದವರಿಗೆ ಪಹಣಿ.
ನಮಗೆ ಇದು.

ಜುಮಾನ ಮಗ ತಲಾಲ್ ಅಳಿವೆಯ ಪಕ್ಕ
ದೋಣಿಯ ಎಂಜಿನ್ ರಿಪೇರಿ ಮಾಡುತ್ತಾನೆ.
ಮೊಣಕೈವರೆಗೆ ಗ್ರೀಸು.
ಅವನ ಮುಖದಲ್ಲಿ ಅಮ್ಮಮ್ಮನ ಮೂಗು ಹುಡುಕಿದೆ, ಇರಲಿಲ್ಲ.
ಬುರ್ಸನೆಂದರೆ ಬಸ್ರಾದವನು ಎಂದೇ
ಅವರ ಮನೆಯಲ್ಲಿ ಮೂರು ತಲೆಮಾರು ಹೇಳಿಕೊಂಡು ಬಂದದ್ದು.
ಗಂಗೊಳ್ಳಿ, ಅಂದೆ. ಕನ್ಕುಲಿ, ಅಂದ. ಮತ್ತೆ ಹೇಳಿಸಿದೆ.
ಮೂರನೆಯ ಸಲಕ್ಕೆ ಇಬ್ಬರಿಗೂ ಸಾಕಾಯಿತು.

ನಲವತ್ತೇಳು ಕಿರ್ಶ್ ಬಾಕಿಯಿದೆ, ಅಂದೆ, ನಗಿಸಲೆಂದು.
ಅವನು ನಗಲಿಲ್ಲ. ಸ್ಪ್ಯಾನರ್ ಕೆಳಗಿಟ್ಟ.
ಸಾಲ ಉಳಿಸಿ ಸತ್ತವನ ಜೀವ
ಮೇಲೂ ಹೋಗದೆ ಕೆಳಗೂ ಇಳಿಯದೆ ತೂಗುತ್ತಿರುತ್ತದೆ,
ನಾನು ಅವನ ಮೊಮ್ಮಗನ ಮಗ, ನಾನು ತೀರಿಸುತ್ತೇನೆ.

ಇಲ್ಲ, ಅಂದೆ.
ನಮ್ಮ ಕಟ್ಟಿನಲ್ಲಿ ಮಗನಿಗೆ ಏನೂ ಸೇರದು,
ಗದ್ದೆಯಿಲ್ಲ, ದೋಣಿಯಿಲ್ಲ, ಸಾಲವೂ ಇಲ್ಲ.
ಎಲ್ಲ ತಂಗಿಯ ಸಂತಾನಕ್ಕೆ.
ಆ ತಂಗಿಯ ಮಗಳ ಮಗಳ ಮಗಳು ನಾನು.
ನೂರು ವರ್ಷಕ್ಕೆ ಒಂದು ಆಸ್ತಿ ಸಿಕ್ಕಿದೆ,
ಬಿಟ್ಟುಕೊಡುವುದಿಲ್ಲ.

ಅವನು ಮಾಲೀಕರನ್ನು ಕರೆಸುತ್ತೇನೆಂದ,
ಧರ್ಮ ಬಲ್ಲವರನ್ನು. ಕರೆಸು, ಅಂದೆ.
ಗಂಟಲೇರಿತು. ಪಕ್ಕದ ಅಂಗಡಿಯ ಹುಡುಗರು ಬಂದು ನಿಂತರು.
ಚಹಾದ ಮೇಲೆ ಕೆನೆ ಕಟ್ಟಿತು.

ಸಾಲ ಕೊಟ್ಟವನ ಮೊಮ್ಮಗ ಹಮೂದ
ತಗಡು ಡಬ್ಬ ತೊಡೆಯ ಮೇಲಿಟ್ಟುಕೊಂಡು
ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದ.
ಚಹಾದ ದುಡ್ಡು ಅವನೇ ಕೊಟ್ಟ.